ವನದುರ್ಗದಲ್ಲಿ ಜಾತಿ ನೋಡಿದ ಬೇಸಿಗೆ

ಯಾವ ಜೀವಿ ಯಾವ ಜೀವಿಗೆ ಒಲಿಯಬೇಕು ಎಂಬುದಕ್ಕೆ ನಿಸರ್ಗದಲ್ಲಿ ಮೀರಲಾಗದ ಕಟ್ಟಳೆಗಳಿವೆ. ಸೃಷ್ಟಿಯ ಶಿಸ್ತೆಲ್ಲ ನಿಂತಿರುವುದು ಆ ಕಟ್ಟಳೆಗಳ ಮೇಲೆಯೇ. ಈ ಮಾತನ್ನು ಶಹಾಪುರದ ಕಾಲೇಜಿನ ಕರಿಹಲಗೆಯ ಮೇಲೆ ನಾನು ವರ್ಷಕ್ಕೊಮ್ಮೆ ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೆ. ನಾನು ಬೆನ್ನು ತಿರುಗಿಸಿ ಬರೆಯುತ್ತಿರುವಾಗಲೇ ಹಿಂದಿನ ಬೆಂಚುಗಳಲ್ಲಿ ಗಂಡುಮಕ್ಕಳ ಕಡೆಯಿಂದ ಹೆಣ್ಣುಮಕ್ಕಳ ಕಡೆಗೆ ಚೀಟಿಗಳು ಯಾವ ಕಟ್ಟಳೆಗೂ ಕಾಯದೆ ಹೋಗುತ್ತಿದ್ದವು.

ಹೋದ ತಿಂಗಳು ಸುರಪುರದಿಂದ ಶಹಾಪುರಕ್ಕೆ ಬರುವಾಗ ಬಸ್ಸಿನ ಗಾಲಿ ಪಂಕ್ಚರ್ ಆಯಿತು. ಬಸ್ಸಿನ ಮಂದಿಯೆಲ್ಲ ಇದ್ದೊಂದು ಜಾಲಿ ಗಿಡದ ನೆರಳು ಹಂಚಿಕೊಂಡರು. ನನ್ನ ಪಾಲಿಗೆ ನೆರಳು ಉಳಿಯದ್ದರಿಂದ ರಸ್ತೆ ಬದಿಯ ಕಲ್ಲುಗಳ ನಡುವೆ ನಿಂತಿದ್ದೆ. ಗೇಣಿಗಿಂತ ಚಿಕ್ಕದೊಂದು ಓತಿಕ್ಯಾತ ಕಲ್ಲೇರಿ, ಮುಂಗಾಲ ಮೇಲೆ ಎದೆಯೆತ್ತಿ, ಗಂಟಲ ಕೆಳಗೆ ಮಡಚಿಟ್ಟಿದ್ದ ಬೀಸಣಿಗೆಯನ್ನು ಬಿಚ್ಚಿತು. ನೀಲಿ, ಕಪ್ಪು, ಇಟ್ಟಿಗೆ ಕೆಂಪು.

“ಯಾವ ಹುಳರಿ ಅದು, ಇಷ್ಟು ಮೆರಿಯಾಕತ್ತದಲ್ಲ?” ಎಂದ ಕಂಡಕ್ಟರ್.

“ಹಳೇ ಪರಿಚಯದ್ದು,” ಎಂದೆ. ಅಷ್ಟರಲ್ಲಿ ನನಗೆ ವನದುರ್ಗದ ಬಯಲಿನ ಕಾದ ಮಣ್ಣಿನ ವಾಸನೆ ಮೂಗಿಗೆ ಬಂದಾಗಿತ್ತು.

ಅದು ನನ್ನ ನೌಕರಿಯ ಕೊನೆಯ ಬೇಸಿಗೆ. ಪೇಪರ್ ತಿದ್ದುವುದು ಮುಗಿದಿತ್ತು, ಹೆಂಡತಿ ತವರಿಗೆ ಹೋಗಿದ್ದಳು, ಶಹಾಪುರದ ಬಾಡಿಗೆ ಮನೆ ರೊಟ್ಟಿ ಹಂಚಾಗಿತ್ತು. ಕೂತರೆ ಕುರ್ಚಿ ಸುಡುತ್ತಿತ್ತು, ನಿಂತರೆ ನೆಲ. ಇಷ್ಟು ವರ್ಷ ಪಾಠ ಹೇಳಿದವನಿಗೆ ಇನ್ನು ಮುಂದೆ ಯಾರಿಗೂ ಏನೂ ಹೇಳುವ ಹಕ್ಕಿಲ್ಲ ಎಂಬ ಸಂಕಟ ಬೇರೆ. ಒಂದು ಕಡೆ ನಿಲ್ಲಲಾಗದೆ ನಾನು ದಿನಾ ಬೆಳಿಗ್ಗೆ ಛತ್ರಿ ಮತ್ತು ದುರ್ಬೀನು ಹಿಡಿದು ವನದುರ್ಗದ ಬಸ್ಸು ಹತ್ತತೊಡಗಿದೆ.

ಅಲ್ಲಿಯ ಓತಿಕ್ಯಾತಗಳ ಸುದ್ದಿ ಕೊಟ್ಟವಳು ಸವಿತಾ. ಹಿಂದೆ ನನ್ನ ವಿದ್ಯಾರ್ಥಿನಿ, ಆಗ ವನದುರ್ಗದ ಶಾಲೆಯಲ್ಲಿ ಟೀಚರು; ಶಹಾಪುರದ ಬೌದ್ಧರ ಮನೆಯ ಮಗಳು. ಅವಳ ತಂದೆ ತಾಲ್ಲೂಕು ಕಚೇರಿಯಲ್ಲಿ ಕ್ಲರ್ಕು. “ಸರ, ಕೋಟಿ ಕೆಳಗಿನ ಗಾಯರಾಣದಾಗ, ದನ ಮೇಯೂ ಬಯಲಾಗ, ಎರಡು ನಮೂನಿ ಅದಾವ. ಒಂದರ ಗಂಟಲು ಮೂರು ಬಣ್ಣದ್ದು. ಇನ್ನೊಂದರದು ಬಿಳಿ, ನಡುವೆ ಒಂದೇ ನೀಲಿ ಗೆರಿ,” ಎಂದು ಫೋನು ಮಾಡಿದ್ದಳು. ಬಿಳಿಯದು ಬಣ್ಣದ್ದರ ಮರಿಯೋ, ಅಥವಾ ಎರಡೂ ಬೇರೆ ಬೇರೆ ಪ್ರಭೇದವೋ? ನನ್ನ ಇಡೀ ಬೇಸಿಗೆ ಈ ಪ್ರಶ್ನೆಯ ಮೇಲೆ ನಿಂತಿತು. ಮಳೆ ಬಿದ್ದರೆ ಬೀಸಣಿಗೆಯ ಬಣ್ಣ ಮಾಸಿಹೋಗುತ್ತದೆ. ಉತ್ತರ ಅಷ್ಟರೊಳಗೆ ಸಿಗಬೇಕು.

ಸವಿತಾ ರಜೆಯಲ್ಲೂ ನನಗೆ ನೆರವಾಗಲು ವನದುರ್ಗಕ್ಕೆ ಬರುತ್ತಿದ್ದಳು. ಗುರುಭಕ್ತಿ ಇನ್ನೂ ಉಳಿದಿದೆ ಎಂದು ಹಿಗ್ಗಿದೆ. ಅವಳ ಗುರುಭಕ್ತಿ ಭಾನುವಾರ ಮಾತ್ರ ಉಕ್ಕುತ್ತಿತ್ತು. ಕಡೇಚೂರಿನ ಕಾರ್ಖಾನೆಗೂ ಭಾನುವಾರವೇ ರಜೆ ಎಂಬುದು, ಅಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ಹನುಮೇಶನೆಂಬ ಹುಡುಗ ಆ ದಿನ ಕೆಂಪು ಅಂಗಿ ತೊಟ್ಟು ಬಯಲಿನ ಸುತ್ತ ಬೈಕು ಓಡಿಸುವುದನ್ನು ಕಂಡ ಮೇಲೆ ತಿಳಿಯಿತು. ಬಣ್ಣ, ಸದ್ದು, ಸುತ್ತುವ ಲಯ, ಮೂರೂ ಇದ್ದವು. ಪ್ರಾಣಿಶಾಸ್ತ್ರ ಓದಿದವನಿಗೆ ಬೇರೆ ವಿವರಣೆ ಬೇಕಿರಲಿಲ್ಲ.

ಹನುಮೇಶನನ್ನು ಸಾಕಿದವನು ಅವನ ಸ್ವಾದರಮಾವ ಯಂಕಪ್ಪ. ಬಯಲಿನ ಅಂಚಿಗೆ ಅವನ ಚಹಾದ ಹೋಟೆಲು. ಅವರು ಮೂಲದಲ್ಲಿ ಹೊಳೆ ದಂಡೆಯ ಮೀನು ಹಿಡಿಯುವ ಮನೆತನದವರು; ಅಕ್ಕ ತೀರಿಕೊಂಡ ಮೇಲೆ ಯಂಕಪ್ಪ ಹುಡುಗನನ್ನು ಕರೆತಂದು ಇಲ್ಲೇ ಬೇರು ಬಿಟ್ಟಿದ್ದ. ಬಾಯಿ ದೊಡ್ಡದು, ಚಹಾದ ಕಪ್ಪು ಸಣ್ಣದು. ಒಂದು ದಿನ ಕೇಳಿದ:

“ಸರ, ದಿನಾ ಆ ದುರ್ಬೀನ ಹಚ್ಚಿ ಏನ್ ನೋಡಾಕತ್ತೀರಿ? ಸರ್ವೇ ಏನ್ರಿ?”

“ಸರ್ವೇ ಅಲ್ಲಪಾ, ಜಾತಿ ನೋಡಾಕತ್ತೇನಿ. ಇಲ್ಲಿ ಇರೂದು ಒಂದೇ ಜಾತಿನೋ ಎರಡೋ, ಗೊತ್ತಾಗಬೇಕಾಗ್ಯದ.”

ಯಂಕಪ್ಪನ ಕೈಯಲ್ಲಿ ಸೋಸುತ್ತಿದ್ದ ಚಹಾ ಒಂದು ಗಳಿಗೆ ನಿಂತಿತು. “ದೂರದಿಂದನೇ ಗೊತ್ತಾಗ್ತದ್ರಿ?”

“ಗಂಟಲ ತೆಗೆದ್ರ ಗೊತ್ತಾಗ್ತದ.”

“ಅದು ಖರೇ ಬಿಡ್ರಿ,” ಎಂದು ಅವನು ಬಹಳ ಗಂಭೀರವಾಗಿ ಒಪ್ಪಿದ.

ಪ್ರಭೇದ ಎಂದಿದ್ದರೆ ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ, ಯಾರಿಗೂ ತೊಂದರೆಯೂ ಆಗುತ್ತಿರಲಿಲ್ಲ. ವಿಜ್ಞಾನವನ್ನು ಜನರ ಮಾತಿನಲ್ಲಿ ಹೇಳಬೇಕು ಎಂದು ಸಭೆಗಳಲ್ಲಿ ಭಾಷಣ ಮಾಡಿದವನು ನಾನು. ಹೇಳಿದೆ. ಓತಿಕ್ಯಾತ ಎಂಬ ಒಂದು ಶಬ್ದ ಮಾತ್ರ ಸೇರಿಸಲಿಲ್ಲ, ಏಕೆಂದರೆ ನನ್ನ ತಲೆಯಲ್ಲಿ ಆಗ ಇನ್ನೇನೂ ಇರಲಿಲ್ಲ.

ಆ ವಾರದಿಂದ ಊರಿನ ನಡವಳಿಕೆ ಬದಲಾಯಿತು. ನಾನು ಹೋದರೆ ಕಟ್ಟೆಯ ಮೇಲೆ ಜಾಗ ಬಿಡುತ್ತಿದ್ದರು. ಪಂಚಾಯತಿ ಮೆಂಬರರೊಬ್ಬರು “ನಮ್ಮ ಓಣಿ ಯಾವಾಗ ಹಿಡೀತೀರಿ ಸರ?” ಎಂದು ವಿಚಾರಿಸಿದರು. ದಿನಾ ಮಾತಾಡಿಸುತ್ತಿದ್ದ ಗೃಹಸ್ಥರೊಬ್ಬರು ಮಾತು ಬಿಟ್ಟು ಬರೀ ಕೈಸನ್ನೆಗೆ ಇಳಿದರು. ಗಂಟಲು ತೆಗೆದರೆ ಗೊತ್ತಾಗುತ್ತದಲ್ಲ. ಶೇಂಗಾ ಸುಲಿಯುತ್ತಿದ್ದ ಮುದುಕಿಯೊಬ್ಬಳು ದುರ್ಬೀನಿಗೆ ಸೆರಗು ಅಡ್ಡ ಹಿಡಿದು, “ನನ್ನ ಕಡಿ ಹಚ್ಚಬ್ಯಾಡೋ ಯಪ್ಪಾ. ಇಷ್ಟು ವಯಸ್ಸಾದ ಮ್ಯಾಲ ಗೊತ್ತಾಗಿ ಏನ್ ಮಾಡ್ಲಿ?” ಎಂದಳು. ವಿಜ್ಞಾನದ ಮೇಲೆ ಹಳ್ಳಿಯ ಜನಕ್ಕಿರುವ ಈ ಭಯಭಕ್ತಿ ಕಂಡು ನನಗೆ ಎದೆ ತುಂಬಿ ಬಂತು.

ಹೀಗಿರುವಾಗ ಒಂದು ಮಧ್ಯಾಹ್ನ ಯಂಕಪ್ಪ ಗಿರಾಕಿಗಳೆಲ್ಲ ಹೋಗುವ ತನಕ ಕಾದು, ನನ್ನೆದುರು ಬಂದು ಕೂತ.

“ಸರ, ಒಂದ್ ಮಾತು ಕೇಳ್ತೀನಿ. ಬ್ಯಾರಿ ಬ್ಯಾರಿ ಜಾತಿಯವು ಕೂಡಿದ್ರ ಹ್ಯಾಂಗ್ರಿ?”

ಪರೀಕ್ಷೆಗೆ ಬರುತ್ತದೆಯೇ ಎಂದು ವಿಚಾರಿಸದೆ ನನ್ನನ್ನು ಪ್ರಶ್ನೆ ಕೇಳಿದ ಮೊದಲ ಮನುಷ್ಯ ಅವನು. ನಾನು ಕಪ್ಪು ಕೆಳಗಿಟ್ಟೆ.

“ಕೂಡೂದೇ ಇಲ್ಲ ಯಂಕಪ್ಪ. ಅದಕ್ಕೇ ಅವು ಬ್ಯಾರಿ ಉಳದಾವ. ಗಂಡು ಎದಿ ಎತ್ತಿ ಕುಣೀತದ, ಬಣ್ಣ ತೋರಸ್ತದ. ಆ ಬಣ್ಣ, ಆ ಕುಣಿತದ ತಾಳ, ತನ್ನ ಜಾತಿ ಹೆಣ್ಣಿಗೇ ತಿಳಿಯೂದು. ಕಪ್ಪಿ ಇದನ್ನ ದನಿಯಿಂದ ಮಾಡ್ತದ, ಮಿಂಚುಹುಳ ಬೆಳಕಿನಿಂದ. ಬ್ಯಾರಿ ಜಾತಿ ಹೆಣ್ಣು ತಿರುಗಿ ಸುದ್ದಾ ನೋಡೂದಿಲ್ಲ.”

“ನೋಡಿದ್ರ?”

“ನೋಡೂದಿಲ್ಲಂದ್ನಲ್ಲ.”

“ಹಂಗಲ್ರಿ. ಎಲ್ಲೋ ಒಂದು ಕಡಿ, ತಪ್ಪಿ, ನೋಡೇ ಬಿಟ್ತು ಅನ್ರಿ. ಕೂಡಿದ್ವು ಅನ್ರಿ.”

“ಮರಿ ಆಗೂದು ಕಷ್ಟ. ಆದ್ರೂ ಬಾಳೂದು ಕಷ್ಟ. ಕತ್ತಿ ಕುದುರಿ ಕೂಡಿ ಹೇಸರಗತ್ತಿ ಆಗ್ತದಲ್ಲ, ಅದರ ವಂಶ ಅಲ್ಲಿಗೇ ಮುಗೀತು.”

ಯಂಕಪ್ಪ ಎದ್ದು ಒಲೆಯ ಉರಿ ತಗ್ಗಿಸಿದ. ಆ ದಿನ ನನ್ನಿಂದ ಚಹಾದ ರೊಕ್ಕ ತೆಗೆದುಕೊಳ್ಳಲಿಲ್ಲ. ಉಪನ್ಯಾಸಕ್ಕೆ ಸಂದ ಗೌರವ ಎಂದುಕೊಂಡು ನಾನು ಬಸ್ಸು ಹತ್ತಿದೆ.

ಭಾನುವಾರ ಸವಿತಾ ನಮಸ್ಕಾರವನ್ನೂ ಹೇಳದೆ ಶುರು ಮಾಡಿದಳು.

“ಸರ, ಯಂಕಪ್ಪ ಮಾವಗ ಏನ್ ಹೇಳೀರಿ?”

“ಯಾವಾಗ?”

“ಹೇಸರಗತ್ತಿ ಕಥಿ ಹೇಳೀರಂತಲ್ಲ.”

“ಅದು ಕಥಿ ಅಲ್ಲವಾ, ಪಾಠ. ನಿನಗೂ ಹೇಳೇನಿ.”

“ನನಗ ಹೇಳಿದಾಗ ಅದರಿಂದ ಯಾರ ಮದುವಿನೂ ಮುರದಿರಲಿಲ್ರಿ.”

ಆಮೇಲೆ ಎಲ್ಲ ತಿಳಿಯಿತು. ಅವಳೂ ಹನುಮೇಶನೂ ಒಪ್ಪಿಕೊಂಡು ಒಂದು ವರ್ಷವೇ ಆಗಿತ್ತು. ಅವಳ ತಂದೆ ಒಂದೇ ಷರತ್ತು ಹಾಕಿದ್ದರು: ಹುಡುಗನ ಕಡೆಯ ಹಿರಿಯರು ಮನೆಗೆ ಬಂದು ಕೇಳಬೇಕು, ಅದೂ ಶಾಲೆ ಶುರುವಾಗುವುದರೊಳಗೆ. ಬರದಿದ್ದರೆ ಕಲಬುರಗಿಯಲ್ಲಿ ನೋಡಿಟ್ಟಿದ್ದ ವರನ ಕಡೆಯವರನ್ನು ಕರೆಸುವವರಿದ್ದರು. ಹಿರಿಯ ಅಂದರೆ ಯಂಕಪ್ಪ ಒಬ್ಬನೇ. ಹೌದೋ ಅಲ್ಲವೋ ಎಂದು ತೂಗುತ್ತ ಕೂತಿದ್ದವನು, ಜಾತಿ ಬಲ್ಲ ಪ್ರೊಫೆಸರು ದಿನಾ ತನ್ನ ಹೋಟೆಲಿಗೇ ಬರುವುದು ಕಂಡು, ಹೆಸರು ಹೇಳದೆ ನನ್ನನ್ನು ಕೇಳಿದ್ದ. ನಾನು ಫೈಸಲಾ ಕೊಟ್ಟಿದ್ದೆ. “ವಂಶ ಅಲ್ಲಿಗೇ ಮುಗೀತು ಅಂತ ಸರೇ ಹೇಳ್ಯಾರ” ಎಂದು ಅವನು ಹುಡುಗನ ಬಾಯಿ ಮುಚ್ಚಿಸಿದ್ದ.

ಹನುಮೇಶ ದೂರದಲ್ಲಿ ಬೈಕಿನ ಟ್ಯಾಂಕು ಒರೆಸುತ್ತಿದ್ದ. ಅದು ಆಗಲೇ ಫಳಫಳ ಹೊಳೆಯುತ್ತಿತ್ತು.

ನಾನು ನೇರ ಹೋಟೆಲಿಗೆ ಹೋದೆ. “ಯಂಕಪ್ಪ, ನಾ ಹೇಳಿದ್ದು ಮಂದಿ ಮಾತಲ್ಲ. ಓತಿಕ್ಯಾತದ ಮಾತು.”

“ಗೊತ್ತದ ಬಿಡ್ರಿ. ದೊಡ್ಡವರು ಹಂಗೇ ಹೇಳ್ತಾರ, ಹೆಸರ ತಗೊಳ್ಳೂದಿಲ್ಲ.”

“ಅಲ್ಲೋ ಮಾರಾಯ, ನಾ ನೋಡಾಕ ಬಂದದ್ದೇ ಓತಿಕ್ಯಾತ.”

ಅವನು ನನ್ನನ್ನು ಮರುಕದಿಂದ ನೋಡಿದ. “ಓತಿಕ್ಯಾತ ನೋಡಾಕ ಸರಕಾರ ಯಾರಿಗರೆ ಪಗಾರ ಕೊಡ್ತದೇನ್ರಿ?”

ಈ ಪ್ರಶ್ನೆಯನ್ನು ಇಲಾಖೆಯೂ ನನಗೆ ಬೇರೆ ಮಾತಿನಲ್ಲಿ ಕೇಳಿದ್ದುಂಟು. ಅವನನ್ನು ಕೈಹಿಡಿದು ಬಯಲಿಗೆ ಕರೆದುಕೊಂಡು ಹೋದೆ. ತಲೆಗೆ ಟವೆಲು ಸುತ್ತಿಕೊಂಡು ಅವನು, ಛತ್ರಿ ಹಿಡಿದು ನಾನು, ಹಿಂದೆ ಸವಿತಾ, ಅವಳಿಂದ ಮರ್ಯಾದೆಗೆ ತಕ್ಕಷ್ಟು ದೂರದಲ್ಲಿ ಹನುಮೇಶ. ಮಣ್ಣಿನ ಮೇಲೆ ಝಳ ಕುಣಿಯುತ್ತಿತ್ತು. ದುರ್ಬೀನನ್ನು ಮೊದಲು ಹಿಂದುಮುಂದು ಹಿಡಿದು “ಏನೂ ಇಲ್ಲಲ್ರಿ” ಎಂದ ಯಂಕಪ್ಪ, ಸರಿಯಾಗಿ ಹಿಡಿದ ಮೇಲೆ ಮಾತು ನಿಲ್ಲಿಸಿದ. ಬಣ್ಣದ್ದು ಕಲ್ಲೇರಿ ಬೀಸಣಿಗೆ ಬಿಚ್ಚಿತ್ತು.

“ಯಾವ ಪಾರ್ಟಿ ಬಾವುಟರಿ ಇದು?”

“ಅದರ ಸ್ವಂತದ್ದು. ಈಗ ಎಡಕ್ಕ ನೋಡು, ಬಿಳಿದು ಅದ.”

ಹೆಣ್ಣುಗಳಿಗೆ ಬೀಸಣಿಗೆ ಇಲ್ಲ, ಎಲ್ಲವೂ ಮಣ್ಣಿನ ಬಣ್ಣ. ಅಂಥದೊಂದು ಹೆಣ್ಣು ಹುಲ್ಲಿನಿಂದ ಹೊರಬಂದು ಬಣ್ಣದವನ ಕಲ್ಲಿನ ಬುಡದಲ್ಲೇ ಹಾದುಹೋಯಿತು. ಅವನು ಕತ್ತು ಕುಣಿಸಿದ, ಬೀಸಣಿಗೆಯನ್ನು ಬಿಚ್ಚಿದ, ಮುಚ್ಚಿದ, ಮತ್ತೆ ಬಿಚ್ಚಿದ. ಸಂತೆಯಲ್ಲಿ ಕೊಳ್ಳುವ ಮನಸ್ಸಿಲ್ಲದವರು ಅಂಗಡಿ ದಾಟುವ ಹಾಗೆ ಅವಳು ದಾಟಿದಳು. ಬಿಳಿಯವನ ಎದುರು ಬಂದದ್ದೇ ನಿಂತಳು. ತಲೆ ಎತ್ತಿದಳು. ಹೊರಟವಳು ಹೊರಳಿ ನೋಡಿದಳು. ಅವನದು ಬೇರೆಯೇ ತಾಳ, ನಿಧಾನದ್ದು.

ಇಡೀ ಬೇಸಿಗೆ ನಾನು ಸುಟ್ಟುಕೊಂಡು ಕಾದದ್ದು ಇಂಥ ನೋಟಕ್ಕೇ. ಕೆಲವು ಸಲ ಸಿಕ್ಕಿತ್ತು, ಇಷ್ಟು ಸ್ಪಷ್ಟವಾಗಿ ಸಿಕ್ಕಿರಲಿಲ್ಲ. ಯಂಕಪ್ಪ ದುರ್ಬೀನನ್ನು ಸಾಕ್ಷಿ ಒಪ್ಪಿಸುವವನ ಹಾಗೆ ನನ್ನ ಕೈಗಿಟ್ಟ.

“ನೀವು ಹೇಳಿದ್ದು ಸುಳ್ಳಾಗಲಿಲ್ಲ ಸರ. ತಿರುಗಿ ಸುದ್ದಾ ನೋಡಲಿಲ್ಲ. ಮುಗೀತಲ್ಲ?”

ನನ್ನ ಸೇವಾವಧಿಯಲ್ಲಿ ಪೂರ್ತಿ ಯಶಸ್ವಿಯಾದ ಪ್ರಯೋಗ ಅದೊಂದೇ. ಅದು ಕೆಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡೆ. ನಾನು ಬಾಯಿ ತೆರೆಯುವುದರೊಳಗೆ ಸವಿತಾ ಮುಂದೆ ಬಂದಳು.

“ಮಾವಾ, ಅವು ಬ್ಯಾರಿ ಜಾತಿ ಅಂತ ಹ್ಯಾಂಗ ಗೊತ್ತಾತು ನಿಮಗ?”

“ಹೆಣ್ಣು ತಿರುಗಿ ನೋಡಲಿಲ್ಲಲ್ಲವಾ, ಅದಕ್ಕ.”

“ನೋಡಬ್ಯಾಡ ಅಂತ ಯಾರರೆ ಅಡ್ಡ ನಿಂತಿದ್ರೇನು?”

“ಯಾರದಾರ ಅಲ್ಲಿ? ತಾನೇ ಹೋತು.”

“ತಾನೇ ತಿರುಗಿ ನೋಡಿದ್ರ?”

“ನೋಡಿದ್ರ ಒಂದೇ ಜಾತಿ. ಆ ಬಿಳಿದರ ಮುಂದ ನೋಡ್ತಲ್ಲ.”

“ನಾ ನೋಡೇನಿ ಮಾವಾ,” ಎಂದಳು ಸವಿತಾ.

ಹನುಮೇಶ ತನ್ನ ಬೂಟು ನೋಡುತ್ತ ನಿಂತಿದ್ದ. ಕಿವಿ ಮಾತ್ರ ಅಂಗಿಯ ಬಣ್ಣಕ್ಕೆ ತಿರುಗಿತ್ತು. ಇಷ್ಟು ಕಡಿಮೆ ಕುಣಿತಕ್ಕೆ ಇಷ್ಟು ದೊಡ್ಡ ಫಲ ಪಡೆದ ಗಂಡನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಯಂಕಪ್ಪ ನನ್ನ ಕಡೆ ತಿರುಗಿದ.

“ಹೌದೇನ್ರಿ ಸರ?”

“ಹೌದು. ಮನುಷ್ಯರೆಲ್ಲ ಒಂದೇ ಜಾತಿ. ಉಳಿದ ಬೇಲಿ ನಾವು ಹಾಕ್ಕೊಂಡದ್ದು. ಈ ಮಾತಿನಾಗ ನಿನ್ನ ಹಾಲಿನಂಗ ನೀರು ಬೆರಸಿಲ್ಲ.”

ಅವನು ನಗಲಿಲ್ಲ. “ಒಲಿ ಮ್ಯಾಲ ಹಾಲದ” ಎಂದು ಹೋಟೆಲಿನ ಕಡೆ ನಡೆದುಬಿಟ್ಟ.

ಆಮೇಲಿನ ದಿನಗಳು ಹೋಗಲೊಲ್ಲದೆ ಹೋದವು. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು, ವನದುರ್ಗಕ್ಕೆ ಹೋಗಲು ಕಾರಣವಿರಲಿಲ್ಲ, ಆದರೂ ಹೋಗುತ್ತಿದ್ದೆ. ಯಂಕಪ್ಪ ಚಹಾ ಕೊಡುತ್ತಿದ್ದ, ಮಾತು ಕೊಡುತ್ತಿರಲಿಲ್ಲ. ಒಂದು ದಿನ ಸಕ್ಕರೆ ಎರಡು ಸಲ ಬೀಳುತ್ತಿತ್ತು, ಒಂದು ದಿನ ಹಾಲು ಸೀಯುತ್ತಿತ್ತು. ಸಂಜೆ ಮೋಡ ಕಟ್ಟಿ, ಗಾಳಿ ಎದ್ದು, ಧೂಳು ತಿನ್ನಿಸಿ ಹೋಗುತ್ತಿತ್ತು. ಶಾಲೆಗಳಿಗೆ ಸುಣ್ಣ ಹೊಡೆಯಲು ಶುರು ಮಾಡಿದ್ದರು. ಸವಿತಾ ಫೋನಿನಲ್ಲಿ “ಮಾವ ಏನರೆ ಅಂದ್ರೇನ್ರಿ?” ಎನ್ನುತ್ತಿದ್ದಳು, ನಾನು “ಇಲ್ಲ” ಎನ್ನುತ್ತಿದ್ದೆ, ಮರುದಿನ ಮತ್ತೆ ಅದೇ. ಕಲಬುರಗಿಯವರು ಬರುವ ಸೋಮವಾರವನ್ನೂ ಅವಳ ತಂದೆ ಗೊತ್ತು ಮಾಡಿಬಿಟ್ಟಿದ್ದರು.

ಅದರ ಹಿಂದಿನ ಗುರುವಾರ ಹೋದಾಗ ಹೋಟೆಲಿನಲ್ಲಿ ಯಂಕಪ್ಪ ಇರಲಿಲ್ಲ. ಬಯಲಿನಲ್ಲಿದ್ದ. ಟವೆಲು ಹೊದ್ದು ಕಲ್ಲಿನ ಮೇಲೆ ಕೂತು ಓತಿಕ್ಯಾತಗಳನ್ನು ನೋಡುತ್ತಿದ್ದ. ನಾನೂ ಹೋಗಿ ಪಕ್ಕದಲ್ಲಿ ಕೂತೆ.

“ಸರ, ಇವಕ್ಕ ಸ್ವಾದರಮಾವ ಇರ್ತಾನೇನ್ರಿ?”

“ಇರ್ತಾನ. ಆದ್ರ ಅವನು ಯಾರಂತ ಇವಕ್ಕೂ ಗೊತ್ತಿಲ್ಲ, ಅವಗೂ ಗೊತ್ತಿಲ್ಲ.”

“ಪುಣ್ಯವಂತ.” ಕಡ್ಡಿಯಿಂದ ಮಣ್ಣು ಕೆದರಿದ. “ಬೌದ್ಧರ ಮದುವ್ಯಾಗ ಬಾಸಿಂಗ ಕಟ್ಟೂದಿಲ್ಲಂತ. ಹೌದೇನ್ರಿ?”

“ಕಟ್ಟಲಿಕ್ಕಿಲ್ಲ.”

“ಅಕ್ಕ ಹೋದಾಗ ಇವ ಇಷ್ಟಿದ್ದ.” ಮೊಣಕಾಲಿನ ಎತ್ತರ ತೋರಿಸಿದ. “ಹೊಳಿ ದಂಡಿಯಿಂದ ಹೆಗಲ ಮ್ಯಾಲ ತಂದೀನಿ. ಇವಗ ಬಾಸಿಂಗ ಕಟ್ಟೂದು ನಂದು. ಅದಿಲ್ಲಂದ್ರ ಆ ಮದುವ್ಯಾಗ ನಾ ಏನಂತ ನಿಂದರಲಿ ಸರ? ಉಣ್ಣಾಕ ಬಂದವನಂಗ?”

ಜಾತಿ, ವಂಶ, ಹೇಸರಗತ್ತಿ ಎಲ್ಲ ಅವನು ಬಿಚ್ಚಿ ತೋರಿಸಿದ ಬೀಸಣಿಗೆ. ಅದರ ಹಿಂದೆ ಇದ್ದ ಪ್ರಾಣಿ ಇಷ್ಟೇ. ನಾನು ಅಲ್ಲಿಂದಲೇ ಸವಿತಾಗೆ ಫೋನು ಹಚ್ಚಿದೆ.

“ಇದನ್ನ ಮೊದಲೇ ಹೇಳಾಕ ಏನಾಗಿತ್ತು ಇವರಿಗೆ?” ಎಂದಳು. “ಹೇಸರಗತ್ತಿ ಬೆನ್ನ ಹತ್ತಿ ಇಡೀ ಬ್ಯಾಸಗಿ ಕಳದೇವಲ್ರಿ.” ಫೋನು ತಂದೆಯ ಕೈಗೆ ಹೋಯಿತು. ಕ್ಲರ್ಕರು ಕಚೇರಿಯ ಧಾಟಿಯಲ್ಲೇ ಗಂಟಲು ಸರಿಮಾಡಿಕೊಂಡರು.

“ನಮ್ಮಲ್ಲಿ ಅದಿಲ್ಲ, ಖರೇ. ಆದ್ರ ಹುಡುಗ ಅವರ ಮನ್ಯಾಗ ಕಟ್ಟಿಸಿಕೊಂಡು ಬರಲಿ. ಇಲ್ಲಿ ಪಂಚಶೀಲ ಹೇಳೂ ಮೊದಲ ಅವರೇ ಬಿಚ್ಚಲಿ. ಕಟ್ಟೂದೂ ಮಾವಂದೇ, ಬಿಚ್ಚೂದೂ ಮಾವಂದೇ. ಆಯ್ತಲ್ಲ?”

ಯಂಕಪ್ಪನಿಗೆ ಹೇಳಿದೆ. ಅವನು ಟವೆಲಿನಿಂದ ಮುಖ ಒರೆಸಿಕೊಂಡ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು. “ಎರಡು ಸಲ ಕೆಲಸ ಹಚ್ಯಾನ ನನಗ,” ಎಂದ. “ಬೀಗನಾಗಾಕ ಲಾಯಕ್ಕದಾನ.”

ಭಾನುವಾರ ಅವನು ಇಸ್ತ್ರಿ ಮಾಡಿದ ಧೋತರ ಉಟ್ಟು, ಹಣ್ಣಿನ ಚೀಲ ಹಿಡಿದು ನನ್ನ ಜೊತೆ ಶಹಾಪುರಕ್ಕೆ ಹೊರಟ. ಊರು ಸಮೀಪಿಸಿದಾಗ, ಮಲಗಿದ ಬುದ್ಧನ ಆಕಾರಕ್ಕೆ ಹೆಸರಾದ ಗುಡ್ಡ ಕಂಡಿತು. ಯಂಕಪ್ಪ ಕಿಟಕಿಯಿಂದ ಬಗ್ಗಿ ನೋಡಿದ.

“ಇಷ್ಟು ದಿನ ನನಗ ಬರೀ ಗುಡ್ಡ ಕಾಣ್ತಿತ್ರಿ. ಇವತ್ತು ಮೂಗು ಕಾಣಾಕತ್ತದ.”

“ಬೀಗರ ಊರು ಬಂತಲ್ಲ, ಅದಕ್ಕ.”

“ಯಾರರೆ ಇರ್ಲಿ, ಇಂಥಾ ಬಿಸಲಾಗ ಆರಾಮ ಮಲಗ್ಯಾನ. ಅದು ದೊಡ್ಡ ಮಾತು.”

ನಾವು ಕ್ಲರ್ಕರ ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತಿರುವಾಗ ಮೊದಲ ದೊಡ್ಡ ಮಳೆ ಬಿತ್ತು. ವನದುರ್ಗದ ಬಯಲಿನಲ್ಲಿ ಬೀಸಣಿಗೆಗಳು ಮುಚ್ಚಿದವು, ಬಣ್ಣ ಮಾಸಿತು. ನಾನು ನಿವೃತ್ತನಾದೆ. ಮದುವೆ ಶ್ರಾವಣದಲ್ಲಿ ಆಯಿತು. ಯಂಕಪ್ಪ ಬಾಸಿಂಗವನ್ನು ಕಟ್ಟಿದ್ದು ಬೇಗ, ಬಿಚ್ಚಿದ್ದು ಬಹಳ ನಿಧಾನವಾಗಿ.

ಬಸ್ಸಿನ ಗಾಲಿ ಬದಲಾಯಿಸಿ ಮುಗಿಯುವವರೆಗೂ ರಸ್ತೆ ಬದಿಯ ಓತಿಕ್ಯಾತ ಕಲ್ಲು ಬಿಟ್ಟು ಇಳಿಯಲಿಲ್ಲ. ಅದನ್ನು ನೋಡಲು ಯಾವ ಹೆಣ್ಣೂ ಬರಲಿಲ್ಲ. ನಾನು ಶಹಾಪುರದಲ್ಲಿ ಇಳಿದು ವನದುರ್ಗದ ಬಸ್ಸು ಹಿಡಿದು, ಯಂಕಪ್ಪನ ಹೋಟೆಲಿನಲ್ಲಿ ಚಹಾ ಕುಡಿದು ಬಂದೆ. ಕಪ್ಪು ಇನ್ನೂ ಸಣ್ಣದಾಗಿದೆ.

ವನದುರ್ಗದ ಬಯಲಿನ ಓತಿಕ್ಯಾತಗಳು ಎರಡು ಜಾತಿ. ಸವಿತಾ ಹನುಮೇಶರಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳು ಮೂರನೆಯ ತರಗತಿಯಲ್ಲಿದ್ದಾಳೆ.